ಅಪ್‌ಡೇಟ್: .243 ರೈಫಲ್ ಬಿಟ್ಟು ಕೊನೆಗೆ .308 ತಗೊಂಡೆ

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜಿಂಕೆ ಬೇಟೆಗೆ ನನ್ನ .243 ವಿಂಚೆಸ್ಟರ್ ರೈಫಲ್ (ಅಂಕಿ ಅಂದರೆ ಗುಂಡಿನ ದಪ್ಪ, ಇಂಚಿನಲ್ಲಿ) ಸಾಕಾ, ದೊಡ್ಡದಕ್ಕೆ ಹೋಗಲಾ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕತೆ ಇದು. ಹೋದ ವರ್ಷ ಹೊಡೆದ ಗುಂಡು ಜಿಂಕೆಯ ಮೈ ದಾಟಿ ಆಚೆ ಬರಲಿಲ್ಲ. ರಕ್ತದ ಜಾಡು ಇಲ್ಲ. ಕತ್ತಲಲ್ಲಿ ಟಾರ್ಚ್ ಹಿಡಿದು ಎರಡು ಗಂಟೆ ಹುಡುಕಿದ್ದೆ.

.30-06 ತಗೋ ಅಂದವರೇ ಜಾಸ್ತಿ. 1906ರ ಕಾರ್ಟ್ರಿಜ್ (ತೋಟೆ), ಇವತ್ತಿಗೂ ಸುಲಭವಾಗಿ ಸಿಗುತ್ತದೆ. ಸ್ನೇಹಿತನ ರೈಫಲ್ ತಂದು ಗುಂಡು ಹಾರಿಸಿ ನೋಡುವ ರೇಂಜ್‌ನಲ್ಲಿ ಕೂತೆ. ಎಂಟನೇ ಗುಂಡಿನ ಹೊತ್ತಿಗೆ ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ! ಭುಜ ನೀಲಿಗಟ್ಟಿತ್ತು. ಅಲ್ಲಿಗೆ ಆ ಮಾತು ಮುಗಿಯಿತು.

.308 ಅಷ್ಟು ಒದೆಯುವುದಿಲ್ಲ. ತಮಾಷೆ ಅಂದರೆ, .243 ಇದರದ್ದೇ ಮಗು. .308ರ ತೋಟೆಯ ಕತ್ತು ಕಿರಿದು ಮಾಡಿ 1955ರಲ್ಲಿ ತಂದದ್ದು. ನನ್ನ ಹಳೆ ಗುಂಡಿನ ತೂಕ 100 ಗ್ರೇನ್ (ಸುಮಾರು ಆರೂವರೆ ಗ್ರಾಂ), ಈಗಿನದ್ದು 150. ನೂರು ಗಜಕ್ಕೆ ಸ್ಕೋಪ್ (ರೈಫಲ್ ಮೇಲಿನ ಗುರಿ ದುರ್ಬೀನು) ಹೊಂದಿಸಿದೆ. ಸುಮ್ನೆ ಎರಡು ಡಬ್ಬಿ ತೋಟೆ ಜಾಸ್ತಿ ಖಾಲಿಯಾಯಿತು.

ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ, ಬೇಟೆ ಸೀಸನ್ ಮೊದಲ ದಿನ. ಸುಮಾರು 80 ಗಜ ದೂರ, ಅಡ್ಡ ನಿಂತ ಹೆಣ್ಣು ಜಿಂಕೆ. ಗುಂಡು ಎರಡೂ ಪಕ್ಕೆ ದಾಟಿತು. ಹಿಮದ ಮೇಲೆ ಕೆಂಪು ಗೆರೆ, ಮೂವತ್ತು ಹೆಜ್ಜೆ ಅಷ್ಟೇ. ಟಾರ್ಚ್ ಜೇಬಿನಿಂದ ತೆಗೆಯಲೇ ಇಲ್ಲ. ಗಾಯದ ಸುತ್ತ ಮಾಂಸ ಸ್ವಲ್ಪ ಜಾಸ್ತಿ ಹಾಳಾಯಿತು, ನಿಜ. .243 ಮಾರುವುದಿಲ್ಲ, ಹೆಂಡತಿ ಕಲಿಯುತ್ತೇನೆ ಅಂದಿದ್ದಾಳೆ.

ಇಂಡಿಯಾದ ನಮ್ಮೂರಲ್ಲಿ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ನಿಷೇಧ, ಮನೆಯ ಕೋವಿ ಆಯುಧಪೂಜೆಗಷ್ಟೇ ಹೊರಗೆ ಬರುತ್ತದೆ. ಅಪ್ಪನಿಗೆ ಫೋಟೋ ಕಳಿಸಿದೆ. ಜಿಂಕೆ ಬಗ್ಗೆ ಒಂದು ಮಾತಿಲ್ಲ. "ಆ ಕಿತ್ತಳೆ ಕೋಟು ಯಾಕೋ ಹಾಕಿದ್ದೀಯ?" ಅಂದರು.