ಅಪ್‌ಡೇಟ್: ಅಜ್ಜನ ‘ಜಯ ಕರ್ನಾಟಕ’ ಸಂಚಿಕೆಗಳು

ಧಾರವಾಡದ ಮನೆಯ ಅಟ್ಟದಲ್ಲಿ ಸಿಕ್ಕ ‘ಜಯ ಕರ್ನಾಟಕ’ದ ಹಳೇ ಸಂಚಿಕೆಗಳನ್ನು ನೆಟ್‌ಗೆ ಹಾಕಬಹುದಾ, ಪತ್ರಿಕೆಯೇ ನಿಂತಿದೆಯಲ್ಲ ಅಂತ ಕೇಳಿದ್ದೆ.

ಪತ್ರಿಕೆ ನಿಂತರೂ ಬರೆದವರ ಹಕ್ಕು ನಿಲ್ಲಲ್ಲ. ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. 1922ರಲ್ಲಿ ಪತ್ರಿಕೆ ಶುರುಮಾಡಿದ ಆಲೂರು ವೆಂಕಟರಾಯರು ತೀರಿಕೊಂಡದ್ದು 1964ರಲ್ಲಿ. ಅಂದರೆ 2025ರಿಂದ ಅವರ ಬರಹಕ್ಕೆ ಯಾರ ಅನುಮತಿಯೂ ಬೇಡ. ಸದ್ಯ ಅವನ್ನಷ್ಟೇ ಹಾಕುತ್ತೇನೆ. ಉಳಿದವರದ್ದು ಒಬ್ಬೊಬ್ಬರದೇ ಇಸವಿ ಹುಡುಕಬೇಕು, ದೊಡ್ಡ ತಲೆನೋವು.

ಜೆರಾಕ್ಸ್ ಅಂಗಡಿಯವರು ‘ಬೈಂಡ್ ಬಿಚ್ಚಿ ಕೊಡ್ರಿ’ ಅಂದರು. ಸುಮ್ನೆ ಎದ್ದು ಬಂದೆ! ಹಾಳೆ ಮಡಚಿದರೆ ಹಪ್ಪಳದಂತೆ ಮುರಿಯುತ್ತದೆ, ಪಿನ್ ಸುತ್ತ ತುಕ್ಕು ಬೇರೆ. ಕಿಟಕಿ ಬೆಳಕಲ್ಲಿ ಮೊಬೈಲ್‌ನಲ್ಲೇ ಫೋಟೋ ತೆಗೀತಿದ್ದೇನೆ. ಮೂಲ ಪ್ರತಿಗಳು ಬೇಕಾ ಅಂತ ವಿದ್ಯಾವರ್ಧಕ ಸಂಘದಲ್ಲಿ ಕೇಳುತ್ತೇನೆ.