ಲ್ಯಾಂಬ್ಡಾ ಹೊರಬರೋಕೆ ಎಕ್ಸಿಸ್ ಯಾಕೆ ಬೇಕು?

ಎಂಎಸ್ಸಿ ಮೊದಲ ವರ್ಷ:
ಲ್ಯಾಂಬ್ಡಾ ಫೇಜ್ ಅನ್ನೋ ವೈರಸ್ಸಿನ ಡಿಎನ್‌ಎ ಇ. ಕೊಲೈ ಬ್ಯಾಕ್ಟೀರಿಯಾದ ಕ್ರೋಮೋಸೋಮಿನಲ್ಲಿ ಗ್ಯಾಲ್ ಮತ್ತು ಬಯೋ ಜೀನ್‌ಗಳ ನಡುವೆ ಸೇರಿಕೊಳ್ಳುತ್ತೆ. ಅದಕ್ಕೆ ಫೇಜ್‌ನ ಇಂಟಿಗ್ರೇಸ್ ಕಿಣ್ವ, ಡಿಎನ್‌ಎ ಬಗ್ಗಿಸೋ ಬ್ಯಾಕ್ಟೀರಿಯಾದ ಐಎಚ್‌ಎಫ್ ಪ್ರೋಟೀನು ಸಾಕು. ಹೊರಬರೋಕೆ ಮಾತ್ರ ಎಕ್ಸಿಸ್ ಅನ್ನೋ ಇನ್ನೊಂದು ಪ್ರೋಟೀನೂ ಬೇಕಂತೆ. ಎರಡೂ ಸಲ ಕತ್ತರಿಸಿ ಅಂಟಿಸೋದು ಇಂಟಿಗ್ರೇಸೇ ತಾನೇ? ನಾಡಿದ್ದು ಸೆಮಿನಾರ್ ಇದೆ, ಯಾರಾದ್ರೂ ಬಿಡಿಸಿ ಹೇಳ್ತೀರಾ?

ಫೇಜ್ ಮೇಷ್ಟ್ರು:
ನೋಡಮ್ಮ, ಇಂಟಿಗ್ರೇಸ್ ಡಿಎನ್‌ಎ ಎಳೆ ಕತ್ತರಿಸಿದಾಗ ಆ ತುದಿಯ ಫಾಸ್ಫೇಟು ಕಿಣ್ವದ ಟೈರೋಸಿನ್ ಅನ್ನೋ ಅಮೈನೋ ಆಮ್ಲಕ್ಕೇ ಅಂಟಿಕೊಳ್ಳುತ್ತೆ. ಬಂಧದ ಶಕ್ತಿ ಪೋಲಾಗಲ್ಲ, ಶಕ್ತಿಗೆ ಎಟಿಪಿ ಬೇಕಿಲ್ಲ. ಹಾಗಾಗಿ ರಾಸಾಯನಿಕ ಕ್ರಿಯೆಯ ಮಟ್ಟಿಗೆ ಒಳಹೋಗೋದೂ ಹೊರಬರೋದೂ ಒಂದೇ. ದಿಕ್ಕು ತೀರ್ಮಾನ ಆಗೋದು ಡಿಎನ್‌ಎ ಹೇಗೆ ಬಾಗಿದೆ ಅನ್ನೋದರ ಮೇಲೆ. ಕತ್ತರಿಸಿ ಸೇರಿಸೋ ಜಾಗಗಳಲ್ಲಿ ಫೇಜ್‌ನ ಅಟ್‌ಪಿ ಸುಮಾರು 240 ಬೇಸ್ ಜೋಡಿ, ಬ್ಯಾಕ್ಟೀರಿಯಾದ ಅಟ್‌ಬಿ ಸುಮಾರು 25. ಎರಡಕ್ಕೂ ಸಮಾನವಾದದ್ದು ನಡುವಿನ 15 ಮಾತ್ರ. ಸೇರಿದ ಮೇಲೆ ಆ 15ರ ಎರಡೂ ಪಕ್ಕದ ಅಟ್‌ಪಿ ತೋಳುಗಳು ಬೇರೆಯಾಗಿ, ಒಂದು ಪ್ರೊಫೇಜ್‌ನ (ಅಂದ್ರೆ ಸೇರಿಕೊಂಡ ಫೇಜ್‌ನ) ಎಡತುದಿಯ ಅಟ್‌ಎಲ್‌ಗೆ, ಇನ್ನೊಂದು ಬಲತುದಿಯ ಅಟ್‌ಆರ್‌ಗೆ ಹೋಗುತ್ತೆ. ಇಂಟಿಗ್ರೇಸ್‌ಗೆ ಮೊದಲಿನ ಹಿಡಿತ ಸಿಗಲ್ಲ. ಎಕ್ಸಿಸ್ ಬಂದು ಅಟ್‌ಆರ್‌ನ ತೋಳನ್ನು ಬಗ್ಗಿಸಿದರೇ ಎರಡೂ ಜಾಗ ಸರಿಯಾಗಿ ಎದುರುಬದುರಾಗೋದು.

ಎಂಎಸ್ಸಿ ಮೊದಲ ವರ್ಷ:
ಅರ್ಥ ಆಯ್ತು ಸರ್. ಆದರೆ ಒಳಹೋಗುವಾಗಲೇ ಎಕ್ಸಿಸ್ ತಯಾರಾದರೆ?

ಫೇಜ್ ಮೇಷ್ಟ್ರು:
ಲ್ಯಾಂಬ್ಡಾದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟದ ಭಾಗ ಇದೇ! ಒಳಹೋಗುವಾಗ ಫೇಜ್‌ನ ಸಿ-ಎರಡು ಪ್ರೋಟೀನು ಎಬ್ಬಿಸೋ ಪ್ರಮೋಟರು (ಜೀನಿಂದ ಆರ್‌ಎನ್‌ಎ ಬರೆಯೋದು ಶುರುವಾಗೋ ಜಾಗ) ಎಕ್ಸಿಸ್ ಜೀನಿನ ಒಳಗಿಂದಲೇ ಶುರು. ಅದರಿಂದ ಇಂಟಿಗ್ರೇಸ್ ಮಾತ್ರ ಬರುತ್ತೆ. ಪಿ-ಎಲ್ ಅನ್ನೋ ಇನ್ನೊಂದು ಪ್ರಮೋಟರಿನ ಉದ್ದನೆ ಆರ್‌ಎನ್‌ಎಯಲ್ಲಿ ಎರಡೂ ಇರುತ್ತವೆ. ಆದರೆ ಅದು ಇಂಟಿಗ್ರೇಸ್ ಜೀನ್ ದಾಟಿ ಸಿಬ್ ಅನ್ನೋ ಜಾಗದವರೆಗೂ ಹೋಗುತ್ತೆ. ಅಲ್ಲಿ ಆರ್‌ಎನ್‌ಏಸ್ ತ್ರೀ ಅನ್ನೋ ಕಿಣ್ವ ಆರ್‌ಎನ್‌ಎ ಕತ್ತರಿಸುತ್ತೆ, ತುದಿಯಿಂದ ಹಿಂದಕ್ಕೆ ಇಂಟಿಗ್ರೇಸ್ ಭಾಗ ನಾಶವಾಗುತ್ತೆ. ಈಗ ನೋಡು: ಅಟ್‌ಪಿ ಇರೋದು ಇಂಟಿಗ್ರೇಸ್ ಜೀನಿಗೂ ಸಿಬ್‌ಗೂ ನಡುವೆ. ಅಲ್ಲೇ ಕತ್ತರಿಸಿ ಸೇರಿಕೊಂಡರೆ ಸಿಬ್ ಪ್ರೊಫೇಜ್‌ನ ಆ ಕಡೆ ತುದಿಗೆ ಹೋಗಿಬಿಡುತ್ತೆ. ಮುಂದೆ ಯುವಿ ಬೆಳಕು ಬಿದ್ದು ಪಿ-ಎಲ್ ಎದ್ದಾಗ ಆರ್‌ಎನ್‌ಎ ಪೂರ್ತಿ ಉಳಿಯುತ್ತೆ, ಇಂಟಿಗ್ರೇಸ್ ಎಕ್ಸಿಸ್ ಎರಡೂ ಒಟ್ಟಿಗೆ ತಯಾರು.

ಸಾಲ್ಮೊನೆಲ್ಲಾ ಪ್ರಿಯ:
ಹೋಲಿಕೆಗೆ ಹಿನ್ ಕಿಣ್ವ ಸೇರಿಸಿ. ಸಾಲ್ಮೊನೆಲ್ಲಾದಲ್ಲಿ ಅದು ಸುಮಾರು 1000 ಬೇಸ್ ಜೋಡಿಯ ತುಂಡನ್ನು ತಿರುಗಿಸಿ ಫ್ಲಾಜೆಲ್ಲಾದ (ಈಜೋ ಬಾಲದ) ಪ್ರೋಟೀನ್ ಬದಲಿಸುತ್ತೆ. ಅಲ್ಲಿ ಎರಡೂ ದಿಕ್ಕಿಗೆ ಅದೇ ಕಿಣ್ವ, ಎಕ್ಸಿಸ್ ಥರದ್ದು ಬೇಕಿಲ್ಲ.

ಫೇಜ್ ಮೇಷ್ಟ್ರು:
ಹೌದು, ಸೇರಿಸಮ್ಮ. ಬೋರ್ಡ್ ಮೇಲೆ ಮೊದಲು 1962ರ ಕ್ಯಾಂಪ್‌ಬೆಲ್ ವೃತ್ತ (ಫೇಜ್ ಡಿಎನ್‌ಎ ವೃತ್ತವಾಗಿ ಸೇರಿಕೊಳ್ಳೋ ಮಾದರಿ) ಬರೆದು, ಅದರ ಮೇಲೆ ಸಿಬ್ ಗುರುತು ಹಾಕು. ಆಮೇಲೆ ವೃತ್ತ ಬಿಚ್ಚಿ ತೋರಿಸು.