ಹಳೆ ಮಿಲ್ಲಿಂಗ್ ಮಷಿನ್‌ಗೆ ಹೊಸ ಕಂಟ್ರೋಲ್: ಸ್ಪಿಂಡಲ್ ತಿರುಗಿದರೆ ಎಕ್ಸ್ ಅಳತೆ ತಪ್ಪುತ್ತಿದೆ

ಪ್ರಶ್ನೆ (ಬಳ್ಳಾರಿ)
ಹಳೆ ವರ್ಟಿಕಲ್ ಮಿಲ್ಲಿಂಗ್. ಮೂಲ ಕಂಟ್ರೋಲ್ ತೆಗೆದು ಲಿನಕ್ಸ್‌ಸಿಎನ್‌ಸಿ (ಮಷಿನ್ ಓಡಿಸುವ ಕಂಪ್ಯೂಟರ್ ಸಾಫ್ಟ್‌ವೇರ್), ಅದನ್ನು ಡ್ರೈವ್, ಎನ್‌ಕೋಡರ್‌ಗೆ ಜೋಡಿಸುವ ಮೆಸಾ 7ಐ92 ಮತ್ತು 7ಐ77 ಕಾರ್ಡ್ ಹಾಕಿದ್ದೇವೆ. ಡಿಸಿ ಸರ್ವೋ ಮೋಟಾರ್, ±10 ವೋಲ್ಟ್ ಡ್ರೈವ್ ಹಳೆಯವೇ. ಎನ್‌ಕೋಡರ್ (ಮೋಟಾರ್ ಎಷ್ಟು ತಿರುಗಿತೆಂದು ತಿಳಿಸುವ ಸಾಧನ) 2500 ಲೈನ್, ಬಾಲ್‌ಸ್ಕ್ರೂ ಪಿಚ್ 10 ಮಿ.ಮೀ., ನೇರ ಕಪ್ಲಿಂಗ್. ಸ್ಪಿಂಡಲ್‌ಗೆ ಹೊಸ ವಿಎಫ್‌ಡಿ (ಮೋಟಾರ್ ವೇಗ ಬದಲಿಸುವ ಡ್ರೈವ್). ಸ್ಪಿಂಡಲ್ ನಿಂತಿದ್ದಾಗ ಎಲ್ಲ ಸರಿ. ತಿರುಗಿಸಿ ಜಾಬ್ ಹಾಕಿದರೆ ಎಕ್ಸ್ 0.1ರಿಂದ 0.2 ಮಿ.ಮೀ. ಸರಿಯುತ್ತದೆ. ಫಾಲೋಯಿಂಗ್ ಎರರ್ (ಹೇಳಿದ ಜಾಗಕ್ಕೂ ಎನ್‌ಕೋಡರ್ ತೋರಿಸುವ ಜಾಗಕ್ಕೂ ಅಂತರ ಮಿತಿ ಮೀರಿದಾಗ ಬರುವ ದೋಷ) ಬರುವುದೇ ಇಲ್ಲ. ಪಿಐಡಿ (ಆ ಅಂತರ ಸರಿಪಡಿಸುವ ಲೆಕ್ಕದ ಸೆಟ್ಟಿಂಗ್) ಎಷ್ಟು ಬದಲಿಸಿದರೂ ಅಷ್ಟೇ.

ಉತ್ತರ (ಕೊಪ್ಪಳ)
ಸರ್, ಪಿಐಡಿ ಕೈಬಿಡ್ರಿ. ಎರರ್ ಬರುತ್ತಿಲ್ಲ ಅನ್ನುವುದೇ ಇಲ್ಲಿ ಮುಖ್ಯ ಸುಳಿವು. ಕಂಟ್ರೋಲ್ ಎನ್‌ಕೋಡರ್ ಹೇಳಿದ್ದನ್ನೇ ನಂಬುತ್ತದೆ. ಎಣಿಕೆಯೇ ತಪ್ಪಿದರೆ ಟೇಬಲ್ ತಪ್ಪು ಜಾಗಕ್ಕೆ ಹೋಗಿ ನಿಲ್ಲುತ್ತದೆ, ಪರದೆಯಲ್ಲಿ ಮಾತ್ರ 0.000. ನಿಮ್ಮ ಲೆಕ್ಕದಲ್ಲಿ ಲೈನ್‌ಗೆ ನಾಲ್ಕರಂತೆ ಒಂದು ಸುತ್ತಿಗೆ 10,000 ಎಣಿಕೆ, ಅಂದರೆ ಒಂದು ಎಣಿಕೆಗೆ ಒಂದು ಮೈಕ್ರಾನ್. 0.15 ತಪ್ಪಿದರೆ 150 ಎಣಿಕೆ ಹೆಚ್ಚುಕಡಿಮೆ ಆಗಿದೆ.

ಟೂಲ್ ತೆಗೆದು, ಸರ್ವೋ ಡ್ರೈವ್ ಆಫ್ ಮಾಡಿ. ವಿಎಫ್‌ಡಿಯನ್ನು ಅದರ ಕೀಪ್ಯಾಡ್‌ನಿಂದಲೇ ಓಡಿಸಿ, ಹಾಲ್‌ಮೀಟರ್‌ನಲ್ಲಿ (ಲಿನಕ್ಸ್‌ಸಿಎನ್‌ಸಿಯಲ್ಲೇ ಇರುವ, ಒಳಗಿನ ಸಂಖ್ಯೆ ತೋರಿಸುವ ಸಾಧನ) ಎಕ್ಸ್ ಎನ್‌ಕೋಡರ್‌ನ ಕಚ್ಚಾ ಎಣಿಕೆ ನೋಡಿ. ಅಲುಗಾಟಕ್ಕೆ ಒಂದೆರಡು ಆಡಬಹುದು, ಒಂದೇ ದಿಕ್ಕಿಗೆ ಏರುತ್ತ ಹೋಗಬಾರದು. ಇದು ಸರಿ ಬಂತೆಂದು ಸುಮ್ಮನಾಗಬೇಡಿ. ಎನ್‌ಕೋಡರ್ ಎ, ಬಿ ಎಂಬ ಎರಡು ಪಲ್ಸ್ ಸಿಗ್ನಲ್ ಕೊಡುತ್ತದೆ; ನಿಂತಾಗ ಇವುಗಳಲ್ಲಿ ಒಂದರಲ್ಲೇ ಬಂದ ವಿದ್ಯುತ್ ಗದ್ದಲ (ನಾಯ್ಸ್) ಒಂದು ಕೂಡಿ ಒಂದು ಕಳೆದು ಶೂನ್ಯವಾಗುತ್ತದೆ. ಆದ್ದರಿಂದ ಡ್ರೈವ್ ಆನ್ ಮಾಡಿ, ಟೇಬಲ್‌ಗೆ ಡಯಲ್ ಗೇಜ್ ಹಚ್ಚಿ, ಸ್ಪಿಂಡಲ್ ಓಡುತ್ತಿರುವಾಗಲೇ ಎಕ್ಸ್ ಹಲವು ಸಲ ಆಡಿಸಿ ಒಂದೇ ದಿಕ್ಕಿನಿಂದ ಸೊನ್ನೆಗೆ ತನ್ನಿ. ಪರದೆ ಸೊನ್ನೆ, ಮುಳ್ಳು ಬೇರೆ ಕಡೆ ಅಂದರೆ ಎಣಿಕೆ ತಪ್ಪಿದ್ದು ಖಾತ್ರಿ.

ಪ್ರಶ್ನೆ ಕೇಳಿದವರು
ಮುಳ್ಳು 0.06 ಸರಿಯಿತು, ಪರದೆ 0.000. ಎನ್‌ಕೋಡರ್ ವೈರ್ ಮತ್ತು ಸ್ಪಿಂಡಲ್ ಕೇಬಲ್ ಒಂದೇ ಟ್ರೇನಲ್ಲಿವೆ. ಕಾರ್ಡ್ ಜಂಪರ್ ಟಿಟಿಎಲ್‌ಗೆ (ಒಂದು ಸಿಗ್ನಲ್‌ಗೆ ಒಂದೇ ವೈರ್) ಇದೆ.

ಉತ್ತರ (ರಾಯಚೂರು)
ಹಂಗಾದ್ರೆ ರೋಗ ಸಿಕ್ಕಿತು. ಮೊದಲು ಮೇನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. 415 ವೋಲ್ಟ್ ಸಪ್ಲೈಗೆ ವಿಎಫ್‌ಡಿಯ ಡಿಸಿ ಬಸ್‌ನಲ್ಲಿ (ಒಳಗಿನ ಕೆಪಾಸಿಟರ್‌ಗಳಲ್ಲಿ) 585 ವೋಲ್ಟ್ ಆಸುಪಾಸು ಇರುತ್ತದೆ. ಮೀಟರ್ ಹಿಡಿದು ಇಳಿದದ್ದು ಖಚಿತವಾದ ಮೇಲೆಯೇ ಕೈ ಹಾಕಿ.

ಎನ್‌ಕೋಡರ್‌ನಿಂದ ಎ, ಬಿ, ಝಡ್ (ಸುತ್ತಿಗೊಂದು ಪಲ್ಸ್) ಜೊತೆ ಅವುಗಳ ಉಲ್ಟಾ ಸಿಗ್ನಲ್‌ಗಳೂ ಬರುತ್ತಿದ್ದರೆ ಆರೂ ವೈರ್ ಜೋಡಿಸಿ, ಆ ಚಾನೆಲ್‌ನ ಜಂಪರ್ ಡಿಫರೆನ್ಶಿಯಲ್‌ಗೆ (ಎರಡು ವೈರ್ ನಡುವಿನ ವ್ಯತ್ಯಾಸ ಓದುವ ವಿಧಾನ) ಹಾಕಿ. ಎ ಮತ್ತು ಅದರ ಉಲ್ಟಾ ಒಂದೇ ಹೆಣೆದ ಜೋಡಿಯಲ್ಲಿ ಇರಬೇಕು. ಬೇರೆ ಬೇರೆ ಜೋಡಿಗೆ ಹಂಚಿದರೆ ಲಾಭವೇ ಇಲ್ಲ, ಬಹಳ ಜನ ಎಡವುವುದು ಇಲ್ಲೇ. ಎನ್‌ಕೋಡರ್ ತುದಿಯಲ್ಲಿ 5 ವೋಲ್ಟ್ ಅಳೆಯಿರಿ, 4.75ಕ್ಕಿಂತ ಕಡಿಮೆ ಇದ್ದರೆ ಪ್ಲಸ್, ಸೊನ್ನೆ ಎರಡಕ್ಕೂ ಇನ್ನೊಂದೊಂದು ವೈರ್ ಸೇರಿಸಿ. ಶೀಲ್ಡ್ ಕಂಟ್ರೋಲ್ ಕಡೆ ಮಾತ್ರ ಅರ್ತ್ ಮಾಡಿ.

ಸ್ಪಿಂಡಲ್ ಕೇಬಲ್ ಮಾತ್ರ ಇದಕ್ಕೆ ವಿರುದ್ಧ: ಶೀಲ್ಡ್ ಇರುವ ನಾಲ್ಕು ಕೋರ್ ಕೇಬಲ್ ತಂದು, ಶೀಲ್ಡನ್ನು ವಿಎಫ್‌ಡಿ ಕಡೆ, ಮೋಟಾರ್ ಕಡೆ ಎರಡೂ ತುದಿಗೆ ಕ್ಲ್ಯಾಂಪ್ ಹಾಕಿ ಸುತ್ತಲೂ ಒತ್ತಿ ಹಿಡಿಸಿ. ಶೀಲ್ಡ್ ತಿರುಚಿ ಬಾಲ ಮಾಡಿ ಸ್ಕ್ರೂಗೆ ಕಟ್ಟಿದರೆ ಅರ್ಧ ಕೆಲಸವೂ ಆಗುವುದಿಲ್ಲ. ಎರಡು ಕೇಬಲ್ ನಡುವೆ 20 ಸೆಂ.ಮೀ. ಅಂತರ ಇರಲಿ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ. ವಿಎಫ್‌ಡಿಯ ಕ್ಯಾರಿಯರ್ ಫ್ರೀಕ್ವೆನ್ಸಿ (ಒಳಗಿನ ಸ್ವಿಚಿಂಗ್ ವೇಗ) 4 ಕಿಲೋಹರ್ಟ್ಸ್‌ಗೆ ಇಳಿಸಿ. ಮೋಟಾರ್ ಸ್ವಲ್ಪ ಕೂಗುತ್ತದೆ, ಕೂಗಲಿ.

ಅರ್ತ್ ಗುಂಡಿಯನ್ನೂ ನೋಡ್ರಿ. ನಮ್ಮ ಕಡೆ ಬೇಸಿಗೆಯಲ್ಲಿ ಒಣಗಿ ಬಿಡುತ್ತದೆ, ನೀರು ಹಾಕುತ್ತಿರಬೇಕು. ಸೆಕೆಗೆ ಪ್ಯಾನೆಲ್ ಬಾಗಿಲು ತೆರೆದಿಡುವ ರೂಢಿ ಬೇಡ. ಸ್ಪಾಂಜ್ ಐರನ್ ಕಾರ್ಖಾನೆಗಳ ಹತ್ತಿರ ಗಾಳಿಯಲ್ಲಿ ಬರುವ ಕಬ್ಬಿಣ, ಇದ್ದಿಲಿನ ಪುಡಿಯಲ್ಲಿ ಕರೆಂಟ್ ಹರಿಯುತ್ತದೆ. ಕಾರ್ಡ್ ಮೇಲೆ ಕೂತರೆ ಇದೇ ಥರದ ತೊಂದರೆ ಮತ್ತೆ ಶುರು. ಫಿಲ್ಟರ್ ಇರುವ ಫ್ಯಾನ್ ಒಳಕ್ಕೆ ಊದುವಂತೆ ಕೂರಿಸಿ. ಧೂಳನ್ನು ಬ್ರಷ್, ವ್ಯಾಕ್ಯೂಮ್‌ನಿಂದ ತೆಗೆಯಿರಿ. ಕಂಪ್ರೆಸರ್ ಗಾಳಿ ಹೊಡೆದರೆ ಪುಡಿ ಕನೆಕ್ಟರ್ ಒಳಗೇ ಹೋಗುತ್ತದೆ.

ಉತ್ತರ (ಕೊಪ್ಪಳ)
ವೈರಿಂಗ್ ಬದಲಿಸಿದ ಮೇಲೆ ಎಕ್ಸ್ ಮೊದಲ ಸಲ ಆನ್ ಮಾಡುವಾಗ ಕೈ ಎಮರ್ಜೆನ್ಸಿ ಬಟನ್ ಮೇಲಿರಲಿ. ಎ, ಬಿ ಅದಲುಬದಲಾಗಿದ್ದರೆ ಎಣಿಕೆ ಉಲ್ಟಾ ಆಗಿ ಟೇಬಲ್ ಒಂದೇ ಸಮನೆ ಓಡುತ್ತದೆ. ಆ ಬಟನ್ ಸಾಫ್ಟ್‌ವೇರ್‌ಗೆ ತಿಳಿಸಿದರೆ ಸಾಲದು, ಡ್ರೈವ್‌ಗೆ ಕರೆಂಟ್ ಕೊಡುವ ಕಾಂಟ್ಯಾಕ್ಟರನ್ನೇ ಬೀಳಿಸಬೇಕು. ಆಮೇಲೆ ಅದೇ ಡಯಲ್ ಪರೀಕ್ಷೆ ಮತ್ತೆ ಮಾಡಿ, ಪಿಐಡಿ ಕೆಲಸ ಅದಾದ ಮೇಲೆ.